ಅಂಜಲ್ ಮೀನಿನ ಹುರುಪೆ

ಮೀನಿನ ವಾಸನೆ ಬಂದರೆ ಸಾಕು, ನನಗೆ ಹೊಟ್ಟೆ ತೊಳೆಸುತ್ತದೆ. ನಮ್ಮದು ಲಿಂಗ ಕಟ್ಟಿದವರ ಮನೆ. ಬಾಳೂರಿನ ಎಸ್ಟೇಟಿನಲ್ಲಿ ಹೋಂಸ್ಟೇ ಮಾಡಿದ ಮೇಲೆ ಅತಿಥಿಗಳ ಮೀನು-ಮಾಂಸಕ್ಕೆಂದು ಹಿತ್ತಲಿನಾಚೆ ಶೆಡ್ಡು ಹಾಕಿಸಿ, ಕರಾವಳಿಯ ಅಡುಗೆಯವನೊಬ್ಬನನ್ನು ಇಟ್ಟೆವು. ಮೀನಿನ ಚರ್ಮ ಸುಲಿಸಿ, ತುಂಡು ಮಾಡಿಸಿಯೇ ತರಬೇಕೆಂಬುದು ನನ್ನ ಕಟ್ಟಪ್ಪಣೆ.

ಕಳೆದ ವರ್ಷ ಇಸ್ರೇಲಿನ ವಯಸ್ಸಾದ ದಂಪತಿ ಬಂದರು. ಮರುದಿನವೇ ಗಂಡನಿಗೆ ಜ್ವರ. ಜ್ವರ ಬಿಟ್ಟರೂ ಬಾಳೆಹಣ್ಣಲ್ಲದೆ ಬೇರೇನೂ ಸೇರದೆ ಕೈಕಾಲು ನಡುಗುತ್ತಿತ್ತು. ಕೊನೆಗೆ ಅವರೇ ಮೀನು ಬೇಕೆಂದರು. ಅಡುಗೆಯವನು ಕಳಸಕ್ಕೆ ಹೋಗಿ ಅಂಜಲ್ ತಂದ. ಸಮುದ್ರದಲ್ಲಿ ಗಾಳ ಹಾಕಿದವನನ್ನೇ ಎಳೆದಾಡಿಸುವ ಮೀನಂತೆ. ಮಸಾಲೆ ಸವರಿ ಕಾವಲಿಯಲ್ಲಿ ಹುರಿದರೆ ಬೇರೆ ಪದಾರ್ಥವೇ ಬೇಡವಂತೆ. ಅವನು ಬಾಯಿ ಚಪ್ಪರಿಸುತ್ತ ಹೇಳುತ್ತಿದ್ದರೆ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದೆ.

ಆ ಹೆಂಗಸು ಸುಲಿದ ತುಂಡು ನೋಡಿ ತಲೆ ಅಲ್ಲಾಡಿಸಿದರು. ಅವರ ಧರ್ಮದಲ್ಲಿ ಈಜುರೆಕ್ಕೆ, ಮೈಮೇಲೆ ಬಿಲ್ಲೆಯಂಥ ಹುರುಪೆ ಎರಡೂ ಇರುವ ಮೀನನ್ನಷ್ಟೇ ತಿನ್ನಬಹುದು. ಹುರುಪೆಯನ್ನು ಕಣ್ಣಾರೆ ಕಾಣದೆ ಗಂಡನ ಬಾಯಿಗೆ ಹಾಕುವುದಿಲ್ಲ ಎಂದರು. ನನ್ನ ಅಸಹ್ಯವೇ ಆ ಮುದುಕರನ್ನು ಇನ್ನೊಂದು ಹೊತ್ತು ಉಪವಾಸ ಕೆಡವಿತು.

ಸಂಜೆ ಇಡೀ ಮೀನು ಬಂತು. ತಲೆ, ಕಣ್ಣು, ಲೋಳೆ, ಎಲ್ಲ. ಅಂಜಲ್‌ಗೆ ಹುರುಪೆ ಇರುವುದೇ ಕಮ್ಮಿ. ಇದ್ದದ್ದೂ ಐಸಿನಲ್ಲಿ ಉದುರಿತ್ತು. ಒಂದಾದರೂ ಹುರುಪೆಯನ್ನು ಚರ್ಮ ಹರಿಯದಂತೆ ಕೈಯಲ್ಲೇ ಎಬ್ಬಿಸಬೇಕು, ಚಾಕು ಕೂಡದು ಎಂದರು ಆಕೆ. ಹೆಂಗಸಿಗೆ ಕಣ್ಣು ಮಂಜು.

"ಅಮ್ಮಾವ್ರೇ, ಉಗುರು ಉದ್ದ ಇರೋದು ನಿಮ್ಗೇ" ಎಂದ ನಮ್ಮ ಅಡುಗೆಯ ಪುಣ್ಯಾತ್ಮ.

ಶಿವಾ ಎಂದು ರೆಕ್ಕೆಯ ಬುಡ ಕೆರೆದೆ. ತಣ್ಣಗೆ, ಲೊಳಲೊಳ. ಹೆಬ್ಬೆರಳಿಗೆ ತೆಳ್ಳನೆಯದೊಂದು ಚೂರು ಅಂಟಿತು. ಅದನ್ನು ನೋಡಿ ಹೆಂಗಸು ಅತ್ತೇಬಿಟ್ಟರು.

ಇನ್ನು ಕಾವಲಿ. ಶೆಡ್ಡಿನದರಲ್ಲಿ ಹುರುಪೆಯೇ ಇಲ್ಲದ ಸಿಗಡಿ ಹುರಿದಿದ್ದರಿಂದ ಅದು ಬೇಡ ಎಂದರು. ಮುದುಕರು ಗೋಡೆ ಹಿಡಿದು ನಿಂತಿದ್ದರು. ನನಗೆ ಏನನ್ನಿಸಿತೋ, ಕೈಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಒಳಮನೆಯಿಂದ ನಮ್ಮ ದೋಸೆ ಕಾವಲಿಯನ್ನೇ ತಂದುಕೊಟ್ಟೆ. ಮೊಟ್ಟೆಯನ್ನೂ ಕಾಣದ ಕಾವಲಿ! ಆಕೆ ಕೈ ಹಿಂದಕ್ಕೆಳೆದುಕೊಂಡರು. ಬೇರೆಯವರ ಅಡುಗೆಮನೆಯ ಪಾತ್ರೆ ಅವರಿಗೆ ಆಗದಂತೆ. ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ಮೀನನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಕೆಂಡದ ಮೇಲೆ ಸುಟ್ಟರು. ಮುದುಕರು ಮುಳ್ಳು ಬಿಟ್ಟು ಎಲ್ಲ ತಿಂದರು.

ಕಾವಲಿ ಹಿಡಿದು ಒಳಗೆ ಹೊರಟರೆ ಅತ್ತೆ ಹೊಸ್ತಿಲಲ್ಲೇ ತಡೆದರು.

"ಶೆಡ್ಡಿಗೆ ಹೋಗಿದ್ದು ಒಳಗೆ ಬರೋದು ಬೇಡ ಮಾರಾಯ್ತಿ."

"ಮೀನು ಮುಟ್ಟೇ ಇಲ್ಲ ಅತ್ತೆ. ಅವ್ರೂ ಬೇಡ ಅಂದ್ರು."

"ಮೀನು ತಿನ್ನೋರಿಗೇ ಬೇಡಾಗಿದ್ದು ನಮ್ಗ್ಯಾಕೆ?"

ಅದರಲ್ಲೀಗ ನಾಯಿಗೆ ಅನ್ನ ಹಾಕುತ್ತೇವೆ.