ಉಳುಕು ತೆಗೆಯುವ ಮನೆಗೆ ಬಂದ ಸ್ಟ್ರೈಕರ್

ಅವನು ನಾಟಕ ಆಡುತ್ತಿದ್ದಾನೆ ಎಂದು ನಮ್ಮ ಗುಂಪಿನಲ್ಲಿ ಮೊದಲು ಹೇಳಿದವನು ನಾನೇ. ಬೇರೆ ಯಾರ ತಲೆಗಾದರೂ ಕಟ್ಟೋಣವೆಂದರೆ ವಾಟ್ಸಾಪಿನಲ್ಲಿ ಆ ಮಾತು ನನ್ನ ದನಿಯಲ್ಲೇ ಉಳಿದಿದೆ.

ನಮ್ಮೂರಿನ ಫುಟ್‌ಬಾಲ್ ಕ್ಲಬ್ಬು ಆ ವರ್ಷ ಹೊರರಾಜ್ಯದಿಂದ ಒಬ್ಬ ಸ್ಟ್ರೈಕರನ್ನು ಕೋಟಿಗಟ್ಟಲೆ ಸುರಿದು ಕರೆತಂದಿತ್ತು. ಬನಶಂಕರಿ ಬಸ್ ನಿಲ್ದಾಣದ ಎದುರಿನ ಹೋರ್ಡಿಂಗಿನಲ್ಲಿ ಕೈಕಟ್ಟಿ ನಿಂತ ಅವನ ಮುಖ ನೋಡಿ, ಕಪ್ ಬಂದೇಬಿಟ್ಟಿತು ಅಂದುಕೊಂಡೆವು. ಮೊದಲ ಎರಡು ಪಂದ್ಯಗಳಲ್ಲಿ ಮೂರು ಗೋಲು ಹೊಡೆದ. ಮೂರನೆಯ ಪಂದ್ಯದಲ್ಲಿ ತೊಡೆ ಹಿಡಿದುಕೊಂಡು ಕೂತ. ತಿಂಗಳು ಬಿಟ್ಟು ಬಂದ, ಇಪ್ಪತ್ತು ನಿಮಿಷ ಓಡಿದ, ಮತ್ತೆ ಕೂತ. ಆಮೇಲೆ ಮೀನಖಂಡ, ಆಮೇಲೆ ಹಿಮ್ಮಡಿ, ಆಮೇಲೆ ಮತ್ತೆ ಅದೇ ತೊಡೆ. ನಾವು ಮೆಟ್ರೋ ಹತ್ತಿ, ಗೇಟಿನಲ್ಲಿ ನೀರಿನ ಬಾಟಲಿ ಕಿತ್ತುಕೊಳ್ಳುವವರ ಹತ್ತಿರ ಜಗಳ ಆಡಿ, ಗಂಟಲು ಹರಿಯುವಂತೆ ಕೂಗಲು ಹೋದರೆ, ಅವನು ಟೋಪಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿರುತ್ತಿದ್ದ. ನಮ್ಮ ಸಾಲಿನವರು ಅವನಿಗೆ ಐಸ್‌ಪ್ಯಾಕ್ ಎಂದು ಹೆಸರಿಟ್ಟರು.

ಪ್ರತಿ ಪಂದ್ಯಕ್ಕೂ ನನ್ನ ಪಕ್ಕ ಕೂರುತ್ತಿದ್ದವನು ಧಾರವಾಡ ಕಡೆಯ ಗೆಳೆಯ. ಬಿಟಿಎಂನಲ್ಲಿ ರೂಮು ಮಾಡಿಕೊಂಡು ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದ. "ಇಂವಗ ಹುಲ್ಲು ತಾಗಿದ್ರ ಸಾಕು, ಸ್ಟ್ರೆಚರ್ ಬೇಕು ನೋಡ," ಎಂದು ಅವನು ಅಂದರೆ ಸುತ್ತಲಿನ ಹತ್ತು ಜನ ನಗುತ್ತಿದ್ದರು. ನಕ್ಕ ಮೇಲೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಯಾಕೆಂದರೆ ನೋವು ನಿಜವೋ ಸುಳ್ಳೋ ಎಂದು ಹೇಳುವ ವಿದ್ಯೆ ನನಗೆ ಗೊತ್ತಿದೆ ಎಂದು ನಾನೇ ಜಂಬ ಕೊಚ್ಚಿಕೊಂಡಿದ್ದೆ.

ಆ ಜಂಬ ಬಂದದ್ದು ಅಮ್ಮನಿಂದ. ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ನಮ್ಮ ಹಳೇ ಮನೆಗೆ ಉಳುಕು ತೆಗೆಸಿಕೊಳ್ಳುವುದಕ್ಕೆ ಜನ ಬರುತ್ತಾರೆ. ಅಜ್ಜಿಯ ಕಾಲದಿಂದ ಬಂದ ಕೆಲಸ. ಬೆಳಿಗ್ಗೆ ಅಮ್ಮ ಇನ್ನೂ ಏನೂ ತಿನ್ನದಿರುವಾಗ ಬರಬೇಕು, ಹರಳೆಣ್ಣೆ ತಾವೇ ತರಬೇಕು, ದುಡ್ಡಿನ ಮಾತು ಎತ್ತಬಾರದು. ದುಡ್ಡು ಮುಟ್ಟಿದರೆ ಕೈಗುಣ ಹೋಗುತ್ತದೆ ಎಂದು ಅಮ್ಮ ನಂಬಿದ್ದಾಳೆ. ಕೂಲಿಯವರು, ಆಟೋದವರು, ಜೆಪಿ ನಗರದ ಅಪಾರ್ಟ್‌ಮೆಂಟಿನ ಮೇಡಮ್ಮುಗಳು ಎಲ್ಲರೂ ಒಂದೇ ಚಾಪೆಯ ಮೇಲೆ ಮಲಗುತ್ತಾರೆ.

ಬರುವವರಲ್ಲಿ ಕಳ್ಳರೂ ಇರುತ್ತಾರೆ. ಪರೀಕ್ಷೆ ತಪ್ಪಿಸಿಕೊಳ್ಳುವವರು, ರಜಾ ಬೇಕಾದವರು, ಅತ್ತೆಯ ಮೇಲೆ ಮುನಿಸಿಕೊಂಡು ಸೊಂಟ ಹಿಡಿದುಕೊಂಡವರು. ಅಮ್ಮ ಯಾರನ್ನೂ ಬಯ್ಯುವುದಿಲ್ಲ. ಒತ್ತುತ್ತಾ ಒತ್ತುತ್ತಾ, "ಮನೇಲಿ ಇವತ್ತು ಏನ್ ಸಾರು?" ಎಂದು ಕೇಳುತ್ತಾಳೆ. ನಿಜವಾಗಿ ನೋಯುತ್ತಿರುವವರಿಗೆ ನೋವಿನ ಜಾಗಕ್ಕೆ ಬೆರಳು ಹೋದ ಕೂಡಲೇ ಮಾತು ನಡುವೆ ನಿಂತುಹೋಗುತ್ತದೆ. ಹುರುಳಿಕಾಳು ಎಂದು ಶುರು ಮಾಡಿದವರು ಹುರು ಎಂದು ನಿಲ್ಲಿಸುತ್ತಾರೆ. ನಟಿಸುವವರು ಅಯ್ಯೋ ಅಪ್ಪಾ ಎಂದು ಬಾಯಿ ಬಡಿದುಕೊಳ್ಳುತ್ತಲೇ ಸಾರಿಗೆ ಹಾಕಿದ ಒಗ್ಗರಣೆಯವರೆಗೂ ಹೇಳುತ್ತಾರೆ. ಇಷ್ಟೇ ಗುಟ್ಟು. ಚಿಕ್ಕಂದಿನಿಂದ ಬಾಗಿಲ ಪಕ್ಕ ಕೂತು ಇದನ್ನು ನೋಡಿ ನೋಡಿ ನನಗೆ ಯಾರ ನರಳಾಟ ಕೇಳಿದರೂ ಮೊದಲು ಹುಟ್ಟುವುದು ಅನುಮಾನವೇ. ಸೇರಿದ ಕೆಲಸವೂ ಹಾಗೇ ಇತ್ತು. ಜಯನಗರದ ಒಂದು ಸ್ಕೂಟರ್ ಷೋರೂಮಿನ ಸರ್ವಿಸ್ ಕೌಂಟರಿನಲ್ಲಿ ಕೂತು, ಇನ್ಶೂರೆನ್ಸ್ ಕೇಳಲು ಬಂದು "ನಿಲ್ಸಿದ್ ಗಾಡಿ ತಾನೇ ಬಿತ್ತು ಸಾರ್," ಎನ್ನುವವರ ಮುಖವನ್ನೇ ನೋಡುವುದು.

ಎರಡು ವರ್ಷದಿಂದ ಅಮ್ಮನ ಹೆಬ್ಬೆರಳು ಮಡಚಿದರೆ ಬಿಚ್ಚುತ್ತಿರಲಿಲ್ಲ. ಹಾಗಾಗಿ ಒತ್ತುವ ಕೆಲಸ ನನಗೆ ಬಂತು. ಅವಳು ಪಕ್ಕದಲ್ಲಿ ಕೂತು ಎಲ್ಲಿ, ಎಷ್ಟು ಎಂದು ಹೇಳುತ್ತಾಳೆ, ನಾನು ಒತ್ತುತ್ತೇನೆ. ನನ್ನ ಕೈಗೆ ಆ ಗುಣ ಬಂದಿದೆಯೋ ಇಲ್ಲವೋ ಅವಳು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಲಿ ಎಂದು ನಾನು ಕಾಯುತ್ತಿದ್ದೆ. ನಲವತ್ತು ದಾಟಿದ ಗಂಡಸು, ಅಮ್ಮನ ಬಾಯಿಂದ ಒಂದು ಹೌದು ಕೇಳುವುದಕ್ಕೆ ಕಾದು ಕೂತಿದ್ದೆ. ಇಷ್ಟು ವರ್ಷ ನಡೆದುಬಂದದ್ದು ನನ್ನ ಜೊತೆ ಮುಂದುವರಿಯುತ್ತದೆ ಎಂದು ಅವಳು ಹೇಳಿದರೆ ನನಗೆ ಬೇರೇನೂ ಬೇಕಿರಲಿಲ್ಲ.

ಆ ಸಲ ಅವನು ಬಿದ್ದದ್ದು ನಮ್ಮ ಸ್ಟ್ಯಾಂಡಿನ ಕೆಳಗೇ. ಬಲತೊಡೆಯ ಹಿಂಭಾಗ ಹಿಡಿದುಕೊಂಡು ಕೂತ. ಎದ್ದು ಹೊರಗೆ ನಡೆಯುವಾಗ ಕುಂಟಿದ್ದು ಎಡಗಾಲು. ಚೆನ್ನಾಗಿ ನೋಡಿದೆ. ಮನೆಗೆ ಬಂದವನೇ ವಾಟ್ಸಾಪ್ ಗುಂಪಿಗೆ ದನಿ ರೆಕಾರ್ಡ್ ಮಾಡಿ ಹಾಕಿದೆ: "ಮಗಾ, ಬಲಗಾಲು ಹಿಡ್ಕೊಂಡು ಎಡಗಾಲು ಕುಂಟ್ತಾನೆ. ನಮ್ಮನೇಲಿ ಮೂರು ತಲೆಮಾರಿಂದ ಉಳುಕು ತೆಗೀತೀವಿ. ಇದು ಪಕ್ಕಾ ನಾಟಕ." ಒಂದೇ ದಿನದಲ್ಲಿ ಆ ಮಾತು ಎಲ್ಲೆಲ್ಲೋ ಹೋಯಿತು. ಯಾರೋ ಅವನು ಕುಂಟುವ ವಿಡಿಯೋದ ಮೇಲೆ ನನ್ನ ದನಿಯನ್ನೇ ಅಂಟಿಸಿದರು. ಮುಂದಿನ ಪಂದ್ಯಕ್ಕೆ ಹಾಸಿಗೆ ಬಟ್ಟೆಯ ಮೇಲೆ ಸ್ಟ್ರೆಚರಿನ ಚಿತ್ರ ಬರೆದುಕೊಂಡು ಬಂದರು. ಬೆಂಚಿನಲ್ಲಿದ್ದ ಅವನು ಅದನ್ನು ನೋಡಿ ತಲೆ ಬಗ್ಗಿಸಿದ. ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಖುಷಿಯಾಯಿತು.

ಅದಾದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಬೀದಿಯ ಡ್ರೈವರ್ ಒಬ್ಬ ಬಾಗಿಲಿಗೆ ಬಂದ. ಅವನ ಕುತ್ತಿಗೆಯನ್ನು ಅಮ್ಮ ಹಿಂದೆ ಸರಿಮಾಡಿದ್ದಳು. "ಅಕ್ಕಾ, ನಾನ್ ಗಾಡಿ ಓಡ್ಸೋ ಸಾರ್‌ಗೆ ಕಾಲು ನೋವು. ಕರ್ಕೊಂಡ್ ಬಂದಿದೀನಿ. ಯಾರ್‌ಗೂ ಹೇಳ್ಬೇಡಿ," ಎಂದ. ಅವನ ಹಿಂದೆ ಮಾಸ್ಕ್, ಟೋಪಿ ಹಾಕಿಕೊಂಡ ಎತ್ತರದ ಆಳು ಹೊಸ್ತಿಲು ದಾಟಿದ. ಮುಖ ಕಾಣುವ ಮೊದಲೇ ಆ ಹೆಗಲು ನೋಡಿ ನನಗೆ ಗೊತ್ತಾಯಿತು. ಕೈಯಲ್ಲಿ ಹರಳೆಣ್ಣೆಯ ಸಣ್ಣ ಬಾಟಲಿ ಇತ್ತು.

ಅಮ್ಮನಿಗೆ ಅವನು ಯಾರೆಂದು ಗೊತ್ತಿರಲಿಲ್ಲ. ಅವಳಿಗೆ ಫುಟ್‌ಬಾಲೂ ಒಂದೇ, ಕಬಡ್ಡಿಯೂ ಒಂದೇ. "ಬಾ ಕಂದಾ, ಮಕಾಡೆ ಮಲ್ಕೋ," ಎಂದಳು. ಅವನಿಗೆ ಕನ್ನಡ ಬಾರದು, ಹಿಂದಿ ಬರುತ್ತದೆ. ನಡುವೆ ನಾನು. ಡಾಕ್ಟರು ಇನ್ನೂ ಮೂರು ವಾರ ಆಡಬೇಡ ಅಂದಿದ್ದಾರೆ, ತನಗೆ ಭಾನುವಾರ ಆಡಲೇಬೇಕು ಎಂದ. "ಇಷ್ಟು ಅವಸರ ಏನಂತೆ? ಕೇಳು," ಎಂದಳು ಅಮ್ಮ. ಕೇಳಿದೆ. ಅವನು ಚಾಪೆಗೆ ಮುಖವಿಟ್ಟುಕೊಂಡೇ ಹಿಂದಿಯಲ್ಲಿ ಹೇಳಿದ: ಜನ ನನ್ನನ್ನು ಸುಳ್ಳುಗಾರ ಅನ್ನುತ್ತಿದ್ದಾರೆ, ನನ್ನ ಹೆಂಡತಿಗೂ ಅದನ್ನೇ ಕಳಿಸುತ್ತಿದ್ದಾರೆ, ಒಮ್ಮೆ ಪೂರ್ತಿ ಆಡಿ ತೋರಿಸಿದರೆ ಬಾಯಿ ಮುಚ್ಚುತ್ತಾರೆ.

"ಏನಂದ?" ಅಮ್ಮ ಕೇಳಿದಳು.

"ಕೆಲ್ಸದಲ್ಲಿ ರಜಾ ಕೊಡ್ತಿಲ್ವಂತೆ," ಎಂದೆ.

ಅಷ್ಟು ಹೊತ್ತಿಗೂ ನನ್ನ ಅನುಮಾನ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ನಮ್ಮ ಮನೆಗೆ ಯಾಕೆ ಬಂದ? ನನ್ನ ದನಿ ಕೇಳಿ, ಹುಡುಕಿಕೊಂಡು ಬಂದನೇ? ನಾಟಿ ವೈದ್ಯಕ್ಕೂ ಹೋಗಿದ್ದೆ ಎಂದು ನಾಳೆ ಹೇಳಿ ಕನಿಕರ ಗಿಟ್ಟಿಸುವ ಉಪಾಯವೇ? ಅಂಗೈಗೆ ಎಣ್ಣೆ ಹಾಕಿಕೊಂಡು ಬಲತೊಡೆಯ ಮೇಲೆ ಕೈಯಿಟ್ಟೆ. ಅಮ್ಮ ಅವನ ಪಾದಗಳ ಹತ್ತಿರ ಕೂತು, ಬೆಳಿಗ್ಗೆ ಏನು ತಿಂದ ಎಂದು ಕೇಳು ಅಂದಳು. ಕೇಳಿದೆ. ಎರಡು ಮೊಟ್ಟೆ, ಓಟ್ಸು, ಬಾಳೆಹಣ್ಣು ಎಂದು ಅವನು ನಿಧಾನವಾಗಿ, ಒಂದು ಪದವೂ ತಡವರಿಸದೆ ಹೇಳಿದ. ನಿನ್ನೆ ರಾತ್ರಿ ಏನು ಎಂದು ನಾನೇ ಕೇಳಿದೆ. ಒತ್ತಿದೆ. ಚಪಾತಿ, ಪನೀರು, ಸ್ವಲ್ಪ ಅನ್ನ. ಮಾತು ಎಲ್ಲೂ ಮುರಿಯಲಿಲ್ಲ.

ಸಿಕ್ಕಿಬಿದ್ದೆ ಮಗನೇ ಎಂದುಕೊಂಡೆ. ಇಡೀ ಸೀಸನ್ನಿನ ಸಿಟ್ಟು ಹೆಬ್ಬೆರಳಿಗೆ ಇಳಿದಿತ್ತು. ಅಮ್ಮ ಒತ್ತು ಎಂದು ಹೇಳಿರಲಿಲ್ಲ, ಸುಮ್ಮನೆ ಸವರಿ ನೋಡು ಅಂದಿದ್ದಳು. ನಾನು ಎರಡೂ ಹೆಬ್ಬೆರಳು ಜೋಡಿಸಿ, ಮೈಭಾರ ಬಿಟ್ಟು ಒತ್ತಿದೆ. ಉಪ್ಪಿನಕಾಯಿಯೂ ಇತ್ತು ಎಂದ ಅವನು, ಅದೇ ದನಿಯಲ್ಲಿ.

ಅಮ್ಮ ನನ್ನ ಕೈಗೆ ಪಟ್ಟೆಂದು ಹೊಡೆದಳು.

"ತೆಗಿಯೋ ಕೈನ! ಯಾಕೋ ಹಂಗೆ ಒತ್ದೆ? ಕಾಲು ನೋಡೋ ಇಲ್ಲಿ." ಅವನ ಎರಡೂ ಪಾದಗಳ ಬೆರಳುಗಳು ಮುದುಡಿ ಬಿಳಿಚಿಕೊಂಡಿದ್ದವು. ಅಂಗಾಲು ಬೆವರಿ ಒದ್ದೆಯಾಗಿತ್ತು. "ನೋವ್ ತೋರಿಸ್ಬಾರ್ದು ಅಂತ ಎಷ್ಟು ವರ್ಷದಿಂದ ಕಲ್ತಿದಾನೋ ಏನೋ ಪಾಪ. ಇಂಥೋರ್‌ನ ಮಾತಾಡ್ಸಿ ಏನ್ ಗೊತ್ತಾಗುತ್ತೆ?"

ಆಮೇಲೆ ಅವಳೇ ಹೆಬ್ಬೆರಳು ಬಿಟ್ಟು ಉಳಿದ ಬೆರಳುಗಳಿಂದ ಮೆಲ್ಲಗೆ ಸವರಿ ನೋಡಿದಳು. ಎಡಗಾಲನ್ನೂ ನೋಡಿದಳು. "ಇದು ಉಳುಕಲ್ಲ. ಒಳಗೆ ಮಾಂಸ ಹರ್ದಿದೆ. ಈ ಕಾಲು ಆಗಲ್ಲ ಅಂತ ಆ ಕಾಲಿನ್ ಮೇಲೆ ಭಾರ ಹಾಕಿ ಹಾಕಿ, ಅದ್ರ ಹಿಮ್ಮಡೀನೂ ಕೆಡಿಸ್ಕೊಂಡಿದಾನೆ. ಅದಕ್ಕೇ ಎಡಗಾಲು ಕುಂಟ್ತಾನೆ. ಇದಕ್ಕೆ ನನ್ ಹತ್ರ ಏನೂ ಇಲ್ಲ. ಡಾಕ್ಟ್ರು ಹೇಳಿದ್ ಹಾಗೆ ಕೂತ್ಕೊಳಕ್ಕೆ ಹೇಳು." ಹೇಳಿದೆ. ಅವನು ಎದ್ದು ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನನಗೂ ಥ್ಯಾಂಕ್ಸ್ ಅಂದ. ಎಡಗಾಲನ್ನು ಎಳೆದುಕೊಂಡು ಕಾರಿನವರೆಗೆ ಹೋದ.

ಭಾನುವಾರ ಅವನು ಬರುವುದಿಲ್ಲ ಎಂದುಕೊಂಡಿದ್ದೆ. ಎರಡನೇ ಅರ್ಧದಲ್ಲಿ ಬಂದ. ಹತ್ತು ನಿಮಿಷ ಸಖತ್ತಾಗಿ ಓಡಿದ. ಗೆಳೆಯ, "ನೋಡ, ಬೈದಿದ್ದು ಕೆಲಸ ಮಾಡೇದ," ಎಂದು ನನ್ನ ಬೆನ್ನು ತಟ್ಟಿದ. ಆಮೇಲೆ ಒಂದು ಉದ್ದದ ಚೆಂಡಿನ ಹಿಂದೆ ಹೋದವನು, ಯಾರೂ ಹತ್ತಿರ ಇಲ್ಲದಾಗ, ನಡುವೆಯೇ ನಿಂತು ಕುಸಿದ. ಬಲತೊಡೆಯ ಹಿಂದೆ, ನಾನು ಒತ್ತಿದ ಜಾಗವನ್ನೇ ಹಿಡಿದುಕೊಂಡಿದ್ದ. ಸ್ಟ್ಯಾಂಡಿಗೆ ಸ್ಟ್ಯಾಂಡೇ ಎದ್ದು ಸ್ಟ್ರೆಚರ್, ಸ್ಟ್ರೆಚರ್ ಎಂದು ಚಪ್ಪಾಳೆ ತಟ್ಟತೊಡಗಿತು.

"ಹೇಳಪಾ ಡಾಕ್ಟರಾ, ನಾಟಕ ಹೌದಿಲ್ಲೋ?" ಗೆಳೆಯ ಕೂಗಿ ಕೇಳಿದ. ಸುತ್ತಲಿನ ಮುಖಗಳೆಲ್ಲ ನನ್ನ ಕಡೆ ತಿರುಗಿದವು.

ಅದು ನಿಜವಾಗಿದ್ದರೆ ಹರಿದದ್ದನ್ನು ಇನ್ನಷ್ಟು ಹರಿದವನು ನಾನೂ ಇರಬಹುದು. ನಾಟಕವಾಗಿದ್ದರೆ ನಾನು ಪಾರು. ಅವನು ಸುಳ್ಳುಗಾರನಾಗಿರಲಿ ಎಂದು ಅವತ್ತಿನಷ್ಟು ನಾನು ಎಂದೂ ಬೇಡಿಕೊಂಡಿರಲಿಲ್ಲ.

"ನಾಟಕಾನೇ," ಎಂದೆ.

ಸೋಮವಾರ ಬೆಳಿಗ್ಗೆ ಡ್ರೈವರ್ ಬಂದು, ಆಪರೇಷನ್ ಅಂತೆ, ಈ ವರ್ಷ ಮುಗೀತಂತೆ ಎಂದು ಬಾಗಿಲಲ್ಲೇ ನಿಂತು ಹೇಳಿದ. ಅವನು ಯಾವ ಆಟದವನು, ಜನ ಯಾಕೆ ಬಯ್ಯುತ್ತಿದ್ದರು ಎಂಬುದನ್ನೂ ಅಮ್ಮನಿಗೆ ವಿವರಿಸಿದ. ಫೋನಿನಲ್ಲಿ ಆ ವಿಡಿಯೋ ಹಾಕಿ ತೋರಿಸಿದ. ನಮ್ಮ ಮನೆಯ ನಡುವೆ ನನ್ನ ದನಿ ಜೋರಾಗಿ ಕೇಳಿಸಿತು. ಯಾರದೆಂದು ಡ್ರೈವರಿಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಾಯಿತು.

ಅವನು ಹೋದ ಮೇಲೆ ಅಮ್ಮ ಕೇಳಿದಳು: "ಅವತ್ತು ಅವಸರ ಯಾಕೆ ಅಂದಿದ್ಕೆ ಆ ಹುಡ್ಗ ನಿಜ್ವಾಗ್ಲೂ ಏನಂದ?"

ಈ ಸಲ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಹೆಂಡತಿಯ ವಿಷಯವನ್ನೂ ಹೇಳಿದೆ. ಒತ್ತುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಅವಳು ಕೇಳಲಿಲ್ಲ. ಕೇಳುತ್ತಾಳೆ ಎಂದು ಕಾದೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಅಷ್ಟರಲ್ಲಿ ಮಾರ್ಕೆಟ್ಟಿನಲ್ಲಿ ಹೂವು ಕಟ್ಟುವ ಹೆಂಗಸು ಕುತ್ತಿಗೆ ಒಂದು ಕಡೆಗೆ ವಾಲಿಸಿಕೊಂಡು ಬಂದಳು. ಬುಟ್ಟಿ ಎತ್ತುವಾಗ ಹಿಡಿದುಕೊಂಡಿತಂತೆ. ನಾನು ಎಂದಿನಂತೆ ಕೈ ತೊಳೆದು ಚಾಪೆ ಹಾಸಲು ಹೋದೆ. ಅಮ್ಮ ಚಾಪೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸುತ್ತಿ ಗೋಡೆಗೆ ನಿಲ್ಲಿಸಿದಳು.

"ಇಲ್ಲಿ ಉಳುಕು ತೆಗಿಯೋದು ನಿಲ್ಸಿದೀವಮ್ಮ. ಆಸ್ಪತ್ರೆಗೆ ಹೋಗು," ಎಂದಳು.

"ಅಯ್ಯೋ, ಯಾಕಕ್ಕಾ? ನಿಮ್ ಕೈ ಆಗ್ದಿದ್ರೆ ಏನಾಯ್ತು, ನಿಮ್ ಮಗ ಇಲ್ವಾ?"

ಅಮ್ಮ ನನ್ನ ಕಡೆ ನೋಡಲಿಲ್ಲ.

"ಅವನಿಗೆ ಬರಲ್ಲ," ಎಂದಳು.