ಕಿಟ್ಟಣ್ಣನ ತೂಕ

ಮೀನು ತುಂಬಿದ ಬುಟ್ಟಿಯನ್ನು ಒಮ್ಮೆ ಎತ್ತಿ ಇಳಿಸಿದರೆ ಸಾಕು, ಕಿಟ್ಟಣ್ಣ ಅದರ ತೂಕ ಹೇಳುತ್ತಿದ್ದರು. ಆಮೇಲೆ ತಕ್ಕಡಿಗೆ ಹಾಕಿ ನೋಡಿದರೆ ಅರ್ಧ ಕಿಲೋ ಆಚೀಚೆ ಆದೀತು, ಅಷ್ಟೆ. ತಮ್ಮ ತೂಕ ಎಷ್ಟೆಂದು ಮಾತ್ರ ನಲವತ್ತು ದಾಟಿದರೂ ಅವರಿಗೆ ಗೊತ್ತಿರಲಿಲ್ಲ. ಕೇಳಿದರೆ ಹೊಟ್ಟೆ ಕುಣಿಸಿಕೊಂಡು ನಗುತ್ತಿದ್ದರು. "ತೂಕ ನೋಡುವುದು ಸತ್ತ ಮೀನಿಗೆ, ಸಣ್ಣ ಮಾಷ್ಟ್ರೇ. ಜೀವ ಇರುವಾಗ ಎಂತ ತೂಕ? ಎಷ್ಟು ಎಳೀತದೆ ಅಂತ ನೋಡಬೇಕು."

ನಾನು ಮಾಷ್ಟ್ರಲ್ಲ. ಕಾಪುವಿನ ಶಾಲೆಯಲ್ಲಿ ಮಾಷ್ಟ್ರಾಗಿದ್ದವರು ನನ್ನ ಅಪ್ಪ. ಹಾಗಾಗಿ ಚಡ್ಡಿ ಹಾಕುವ ಕಾಲದಿಂದಲೂ ನಾನು ಅವರಿಗೆ ಸಣ್ಣ ಮಾಷ್ಟ್ರು. ಕಿಟ್ಟಣ್ಣ ಕುಳ್ಳಗೆ, ಗುಂಡಗೆ ಇದ್ದರು. ಕುತ್ತಿಗೆ ಎಂಬುದು ಹುಡುಕಿದರೆ ಸಿಗಬೇಕು. ಕಡಲಿನಲ್ಲಿ ದೂರದವರೆಗೆ ಬಳಸಿ ಬಿಟ್ಟ ರಂಪಣಿ ಬಲೆಯನ್ನು ಐವತ್ತು ಜನ ದಡದಲ್ಲಿ ನಿಂತು ಎಳೆಯುವಾಗ ಹಗ್ಗದ ಮುಂದಿನ ಆಳು ಯಾವಾಗಲೂ ಅವರೇ. "ಪಾಪ, ಒಳಗಿನ ಮೀನಿಗೆ ಮೊದಲು ಗೊತ್ತೇ ಆಗುವುದಿಲ್ಲ. ಬಲೆ ಅಷ್ಟು ದೂರ ಉಂಟಲ್ಲ! ದಡ ಹತ್ತಿರ ಬಂದ ಮೇಲೆ ಗೊತ್ತಾಗುವುದು" ಎಂದು ಒಮ್ಮೆ ಹೇಳಿದ್ದರು.

ಅಪ್ಪನಿಗೆ ಎದೆನೋವು ಬಂದ ದಿನ ಓಣಿಯೊಳಗೆ ಕಾರು ಬರುವಂತಿರಲಿಲ್ಲ. ಕಿಟ್ಟಣ್ಣ ಅವರನ್ನು ಬೆನ್ನ ಮೇಲೆ ಹಾಕಿಕೊಂಡು ಹೆದ್ದಾರಿಯವರೆಗೆ, ಮುಕ್ಕಾಲು ಮೈಲು, ಮರಳಿನಲ್ಲಿ ನಡೆದರು. ಹಿಂದೆ ಚೀಲ ಹಿಡಿದುಕೊಂಡು ಓಡುತ್ತಿದ್ದ ನಾನು ಏದುಸಿರು ಬಿಡುತ್ತಿದ್ದೆ. ಅವರು ದಾರಿಯುದ್ದಕ್ಕೂ ಅಪ್ಪನಿಗೆ ತಮಾಷೆ ಹೇಳುತ್ತಿದ್ದರು. ಅಪ್ಪ ಬದುಕಿದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ದೊಡ್ಡ ಯಂತ್ರದ ಬೋಟುಗಳು ಬಂದು ಮೀನನ್ನೆಲ್ಲ ಆಳದಲ್ಲೇ ಬಳಿದುಕೊಂಡವು. ರಂಪಣಿ ಬರಿದಾಗಿ ದಡಕ್ಕೆ ಬರತೊಡಗಿತು. ಕೊನೆಗೆ ಬಲೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿಟ್ಟರು. ಕಿಟ್ಟಣ್ಣನ ಮನೆಯಲ್ಲಿ ಉಣ್ಣುವ ಬಾಯಿ ಆರು. ನಾನು ಆಗ ಮಣಿಪಾಲದ ಗುಡ್ಡದ ಮೇಲಿನ ಒಂದು ಕಂಪನಿಯಲ್ಲಿ, ವೈದ್ಯಕೀಯ ತಪಾಸಣೆಯ ಕೋಣೆಯ ಗುಮಾಸ್ತ. ಕಾವಲುಗಾರನ ಕೆಲಸ ಖಾಲಿ ಉಂಟೆಂದು ನಾನೇ ಅವರನ್ನು ಕರೆಸಿದೆ. ಹೌದು, ನಾನೇ.

ಆ ಕೋಣೆಯ ಗೋಡೆಯಲ್ಲಿ ಒಂದು ಪಟ್ಟಿ ಅಂಟಿಸಿದ್ದರು. ಇಷ್ಟು ಎತ್ತರದವನಿಗೆ ಇಷ್ಟೇ ತೂಕ. ಈಗ ಬಿಎಂಐ ಎಂದು ಏನೇನೋ ಗುಣಿಸಿ ಭಾಗಿಸಿ ಹೇಳುತ್ತಾರೆ, ಬುಡದಲ್ಲಿ ಅದೇ ಕಥೆ. ಡಾಕ್ಟ್ರು ಕಿಟ್ಟಣ್ಣನ ಎದೆ ನೋಡಿದರು, ರಕ್ತದೊತ್ತಡ ನೋಡಿದರು, ಮೂತ್ರ ನೋಡಿದರು. ಒಂದರಲ್ಲೂ ಕೊಂಕಿಲ್ಲ. ತೂಕ ಮಾತ್ರ ಪಟ್ಟಿಗಿಂತ ಹದಿನಾರು ಕಿಲೋ ಹೆಚ್ಚು.

"ಸರ್, ಈ ಮನುಷ್ಯ ನನ್ನ ಅಪ್ಪನನ್ನು ಮುಕ್ಕಾಲು ಮೈಲು ಹೊತ್ತಿದ್ದಾರೆ" ಎಂದೆ.

"ಇರಬಹುದು ಮಾರಾಯ. ಫಾರ್ಮಿನಲ್ಲಿ ಅದಕ್ಕೆ ಕಾಲಂ ಎಲ್ಲುಂಟು?" ಎಂದರು ಡಾಕ್ಟ್ರು. ಕೆಟ್ಟವರಲ್ಲ. ಆರು ತಿಂಗಳು ಸಮಯ ಕೊಟ್ಟರು. ಬೇರೆಲ್ಲ ಸರಿಯಿರುವುದರಿಂದ ಮತ್ತೆ ಬಂದಾಗ ತೂಕ ಒಂದನ್ನೇ ನೋಡಿದರೆ ಸಾಕೆಂದು ಬರೆದೂ ಕೊಟ್ಟರು. ನಾವಿಬ್ಬರೂ ಅವರಿಗೆ ಕೈಮುಗಿದೆವು.

ಕಿಟ್ಟಣ್ಣ ಊಟಕ್ಕೆ ಕತ್ತರಿ ಹಾಕಿದರು. ಮಧ್ಯಾಹ್ನ ಗಂಜಿ, ರಾತ್ರಿ ಬರಿ ಮಜ್ಜಿಗೆ. ಪ್ರತಿ ಶನಿವಾರ ಬಸ್ಸು ಹತ್ತಿ ಬರುತ್ತಿದ್ದರು, ನಾನು ಬಾಗಿಲು ಹಾಕಿ ತೂಗುತ್ತಿದ್ದೆ. ಎರಡು ತಿಂಗಳು ತೂಕದ ಯಂತ್ರದ ಮುಳ್ಳು ಹಂದಾಡಲೇ ಇಲ್ಲ. ಆಮೇಲೆ ಇಳಿಯಿತು ನೋಡಿ! ಒಂದು ವಾರ ಒಂದು ಕಿಲೋ, ಇನ್ನೊಂದು ವಾರ ಒಂದೂವರೆ. ನಾನು ಹಿಗ್ಗಿ ಹೀರೇಕಾಯಿ ಆದೆ.

ಆದರೆ ಅವರಿಗೆ ವಿಪರೀತ ಬಾಯಾರಿಕೆ. ಒಳಗೆ ಬಂದವರೇ ಮೂಲೆಯ ಮಣ್ಣಿನ ಹೂಜಿಗೆ ಕೈ ಹಾಕುತ್ತಿದ್ದರು. ಒಂದು ಶನಿವಾರ ಅರ್ಧ ಹೂಜಿ ಖಾಲಿ ಮಾಡಿ ಯಂತ್ರ ಹತ್ತಿದರು, ಒಂದು ಕಿಲೋ ಮೇಲೆ ತೋರಿಸಿತು. ನನಗೆ ರೇಗಿಹೋಯಿತು. "ಎಂತ ಕಿಟ್ಟಣ್ಣ ನೀವು! ಉಪವಾಸ ಮಾಡಿದ್ದೆಲ್ಲ ನೀರುಪಾಲು. ತೂಕ ಆಗುವವರೆಗೆ ನೀರು ಮುಟ್ಟಬೇಡಿ."

ಅಂದಿನಿಂದ ಅವರು ನೀರು ಮುಟ್ಟದೆ ಕಾಯುತ್ತಿದ್ದರು. ಯಂತ್ರದ ಮೇಲೆ ನಿಂತರೂ ಕಣ್ಣು ಹೂಜಿಯ ಕಡೆಗೇ.

"ಒಂದು ಲೋಟ?"

"ಇಳಿದ ಮೇಲೆ."

ಕಾಪುವಿಗೆ ಹೋಗಿದ್ದಾಗ ಅವರ ಹೆಂಡತಿ ಸೀತಕ್ಕ ನನ್ನನ್ನು ದಾರಿಯಲ್ಲಿ ತಡೆದರು. "ಇವರಿಗೆ ಎಂತದೋ ಆಗಿದೆ. ರಾತ್ರಿ ಏಳೆಂಟು ಸಲ ಹೊರಗೆ ಹೋಗ್ತಾರೆ. ಕಾಲಿಗೆ ಚಿಪ್ಪು ಹೊಕ್ಕ ಗಾಯ ತಿಂಗಳಾದರೂ ಒಣಗುವುದಿಲ್ಲ. ನಿಮ್ಮ ಡಾಕ್ಟ್ರಿಗೊಮ್ಮೆ ತೋರಿಸಬಾರದಾ?"

ನಾನು ಲೆಕ್ಕ ಹಾಕಿದೆ. ತೋರಿಸಿದರೆ ಗಾಯ ನೋಡಿ ಅನ್‌ಫಿಟ್ ಎಂದು ಗೀಚುತ್ತಾರೆ, ಅಷ್ಟು ಉಪವಾಸ ಮಾಡಿದ್ದು ವ್ಯರ್ಥ, ಕೆಲಸವೂ ಹೋಯಿತು. ತೋರಿಸದಿದ್ದರೆ? ಆಚೆಗೂ ಹೋಗಲಾರೆ, ಈಚೆಗೂ ಬರಲಾರೆ. "ಇನ್ನೆರಡು ವಾರ ಸೀತಕ್ಕ. ಆರ್ಡರು ಕೈಗೆ ಬರಲಿ. ಆಮೇಲೆ ನಾನೇ ತೋರಿಸ್ತೇನೆ" ಎಂದೆ. ಅವರು ನನ್ನನ್ನು ನಂಬಿದರು. ಓದಿದವನಲ್ಲವೇ ನಾನು.

ಕೊನೆಯ ತಪಾಸಣೆಯ ದಿನ ಕಿಟ್ಟಣ್ಣನ ಅಂಗಿ ಹೆಗಲಿನಿಂದ ಜೋತಾಡುತ್ತಿತ್ತು. ಮುಳ್ಳು ಪಟ್ಟಿಯೊಳಗೆ ಬಂದು ನಿಂತಿತು. ನಾನು ಅಂಕಿ ಬರೆದೆ, ಡಾಕ್ಟ್ರು ಸಹಿ ಹಾಕಿದರು. "ನೋಡಿ, ಈಗ ಆರೋಗ್ಯವಂತರಾದಿರಿ" ಎಂದು ಬೆನ್ನು ತಟ್ಟಿದರು. ಕಿಟ್ಟಣ್ಣ ಇಳಿದು ನೇರ ಹೂಜಿಗೆ ಹೋದರು.

ಖಾಕಿ ಹಾಕಿ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತರು. ಗಾಯ ತೋರಿಸೋಣ ಎಂದರೆ ಈಗ ಅವರೇ ಒಪ್ಪಲಿಲ್ಲ. ಕೆಲಸ ಖಾಯಂ ಆಗಲಿ ಎಂದರು. ನಾನು ಹೇಳಿಕೊಟ್ಟ ಪಾಠವನ್ನೇ ನನಗೆ ಒಪ್ಪಿಸಿದರು. ಮೂರನೆಯ ತಿಂಗಳು ಗೇಟಿನಲ್ಲೇ ಕುಸಿದುಬಿದ್ದರು. ಸಕ್ಕರೆ ಕಾಯಿಲೆ. ಕಾಲಿನ ವಿಷ ಮೇಲೇರಿತ್ತು. ಪಟ್ಟಿಗೆ ಅವರು ಒಗ್ಗಿದ್ದು ಉಪವಾಸದಿಂದ ಮಾತ್ರವಲ್ಲ.

ಆಮೇಲೂ ಒಂಬತ್ತು ವರ್ಷ ನಾನು ಅದೇ ಕೋಣೆಯಲ್ಲಿ, ಅದೇ ಪಟ್ಟಿಯ ಕೆಳಗೆ ಕೂತೆ. ಬಿಟ್ಟು ಹೋಗುವ ಧೈರ್ಯ ನನಗಿರಲಿಲ್ಲ. ಬಂದವರಿಗೆಲ್ಲ ಮೊದಲು ನೀರು ಕೊಡುತ್ತಿದ್ದೆ, ಆಮೇಲೆ ತೂಕ. ಡಾಕ್ಟ್ರು ಒಮ್ಮೆ ಆಕ್ಷೇಪಿಸಿ ಸುಮ್ಮನಾದರು.

ಗೇಟಿನಲ್ಲಿ ಬಿದ್ದ ಮೇಲೆ ಕಿಟ್ಟಣ್ಣನನ್ನು ಕೊನೆಯ ಸಲ ನೋಡಿದ್ದು ಉಡುಪಿಯ ಒಂದು ಆಸ್ಪತ್ರೆಯಲ್ಲಿ. ಕಾಲು ತೆಗೆದಿದ್ದರು. ಹಾಸಿಗೆಯಲ್ಲಿ ಅವರು ತುಂಬಿಕೊಂಡಿದ್ದುದು ಅರ್ಧ ಜಾಗವನ್ನು ಮಾತ್ರ. ಸೀತಕ್ಕ ನನ್ನ ಮುಖ ನೋಡಲಿಲ್ಲ. ನಾನು ಸ್ಟೂಲು ಎಳೆದು ಕೂತೆ. ಅವರೇ ಕಣ್ಣು ತೆರೆದು ನನ್ನನ್ನು ಗುರುತಿಸಿದರು. ಜ್ವರದ ಬಡಬಡಿಕೆಯೋ ಹಳೆಯ ತಮಾಷೆಯೋ ಇಂದಿಗೂ ನನಗೆ ತಿಳಿಯದು. ತಲೆ ಹೊರಳಿಸಿ ಮೇಜಿನ ಮೇಲಿನ ನೀರಿನ ಲೋಟ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಸಣ್ಣ ಮಾಷ್ಟ್ರೇ, ತೂಕ ಆಯ್ತಲ್ಲ. ಈಗ ಕುಡಿಯಬಹುದಾ?"