ಗಂಟಲಿನ ಗಂಟು, ದೊಡ್ಡಿಯ ಹಾಡು

ಮಾತು ದೇವರು ಮನುಷ್ಯನೊಳಗೆ ಹಚ್ಚಿಟ್ಟ ದೀಪ. ಅದು ಆರಿದರೆ ಒಳಗಿನ ಜ್ಞಾನವೆಲ್ಲ ಕತ್ತಲೆಯಲ್ಲಿ ಕೂರಬೇಕಾಗುತ್ತದೆ. ನನ್ನದು ಆರಿದಾಗ ಒಳಗೆ ಅಂಥದ್ದೇನೂ ಕೂತಿರಲಿಲ್ಲ ಎಂದು ಮೂರನೇ ಕ್ಲಾಸಿನವರು ಅರ್ಧ ದಿನದಲ್ಲಿ ಕಂಡುಹಿಡಿದರು.

ದನಿ ಕೆಟ್ಟದ್ದು ಒಂದು ಸೋಮವಾರ, ಎರಡನೇ ಪೀರಿಯಡ್ಡಿನಲ್ಲಿ. ತಮಿಳು ಸೀಮೆಯ ಪೆನ್ನಾಗರಂನಿಂದ ಆರು ಮೈಲಿ ಒಳಗಿರುವ ನಮ್ಮೂರ ಶಾಲೆಗೆ ಇರುವುದೊಂದೇ ಕೋಣೆ, ನಡುವೆ ಬಿದಿರಿನ ತಟ್ಟಿ. ಆ ಕಡೆ ಹೆಡ್‌ಮಾಸ್ಟರ ತಮಿಳು ಕ್ಲಾಸು, ಈ ಕಡೆ ನನ್ನ ಕನ್ನಡ ಕ್ಲಾಸು. ಅವರು ಕೂಗಿದರೆ ನಾನು ಅದಕ್ಕಿಂತ ಜೋರಾಗಿ ಕೂಗಬೇಕು, ನಾನು ಕೂಗಿದರೆ ಅವರು. ಹತ್ತೊಂಬತ್ತು ವರ್ಷ ಹೀಗೇ ಸ್ನೇಹದಿಂದ ಕೂಗಿಕೊಂಡು ಬಂದಿದ್ದೆವು.

ಪಾಠ ಮಾಡುವ ಕ್ರಮ ಸರಳ. ನಾನು ಒಂದು ಸಾಲು ಓದುವುದು, ಹದಿನೇಳು ಮಕ್ಕಳು ಅದನ್ನೇ ಕೂಗುವುದು. ಆ ಸೋಮವಾರ ಸಾಲಿನ ನಡುವೆ ನನ್ನ ದನಿ ಒಡೆಯಿತು. ನಮ್ಮ ಮಕ್ಕಳು ವಿಧೇಯರು. ಒಡೆದದ್ದನ್ನು ಹಾಗೇ ಒಡೆದು ಕೂಗಿದರು.

ಶೀತ ಅಂದುಕೊಂಡೆ. ನನ್ನ ಹೆಂಡತಿ ಸಾಕಮ್ಮ ಮೆಣಸು ಜಜ್ಜಿ ಜೇನಿನಲ್ಲಿ ಕೊಟ್ಟಳು. ಅತಿಮಧುರ ಕೊಟ್ಟಳು. ಉಪ್ಪುನೀರು ಮುಕ್ಕಳಿಸಿದೆ. ಮೂರು ವಾರವಾದರೂ ದನಿ ಬರಲಿಲ್ಲ; ಬಂದದ್ದು ಎಣ್ಣೆ ಕಾಣದ ಗಾಡಿಚಕ್ರದ ಸದ್ದು. ನುಂಗುವಾಗ ಏನೋ ತಡೆದಂತೆ ಆಗುತ್ತಿತ್ತು. ಧರ್ಮಪುರಿಯ ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ಧರ್ಮಪುರಿ ಸೇಲಂನಿಂದ ಬೇರೆ ಜಿಲ್ಲೆಯಾಗಿ ಕೆಲವು ವರ್ಷವಾಗಿದ್ದರೂ ಗಂಟಲಿನ ಮಟ್ಟಿಗೆ ನಾವಿನ್ನೂ ಸೇಲಂನವರೇ. ಅಲ್ಲಿಯ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಟಾರ್ಚು ಆರಿಸಿದ ಮೇಲೆ ಅವರು ನನ್ನ ಮುಖ ನೋಡಲಿಲ್ಲ. ಅದು ನನಗೆ ಹಿಡಿಸಲಿಲ್ಲ.

ಸೇಲಂನ ಇ.ಎನ್.ಟಿ. ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡಿದ್ದರು. ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದರು. ಉದ್ದ ಕಡ್ಡಿಯ ತುದಿಯಲ್ಲಿದ್ದ ಪುಟ್ಟ ಕನ್ನಡಿಯನ್ನು ಸ್ಪಿರಿಟ್ ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿ ಒಳಗೆ ಇಳಿಸಿದರು.

"ಈ... ಸೊಲ್ಲುಂಗ," ಎಂದರು.

'ಈ' ಎನ್ನಬೇಕಂತೆ. ಅ ಆ ಇ ಈ ಹೇಳುವುದೇ ನನ್ನ ಹತ್ತೊಂಬತ್ತು ವರ್ಷದ ಸರ್ವೀಸು. ನನ್ನ ಕೈಲಿ ಒಂದು 'ಈ' ಆಗಲಿಲ್ಲ. ಬರೀ ಗಾಳಿ ಬಂತು.

ವೋಕಲ್ ಕಾರ್ಡ್ ಮೇಲೆ ನೋಡ್ಯೂಲ್, ಎಂದರು.

ಗಂಟು.

ಆರು ವಾರ ಮಾತು ಕೂಡದು. ಪಿಸುಮಾತು ಇನ್ನೂ ಕೆಟ್ಟದ್ದು, ಅದೂ ಕೂಡದು. ಅಷ್ಟರಲ್ಲಿ ಗಂಟು ಕರಗಿದರೆ ಸರಿ. ಕರಗದಿದ್ದರೆ ಆಪರೇಷನ್ ಮಾಡಿ ತೆಗೆದು, ಆ ತುಣುಕನ್ನು ಪರೀಕ್ಷೆಗೆ ಕಳಿಸುವುದು. ಯಾವ ಪರೀಕ್ಷೆ ಎಂದು ಕೇಳಲು ಬಾಯಿ ತೆರೆದೆ. ಡಾಕ್ಟರು ಬೆರಳೆತ್ತಿ ತಡೆದರು. ಆರು ವಾರ ಆಗಲೇ ಶುರುವಾಗಿತ್ತು.

ನಾನು ಕೇಳಬೇಕಾದ ಇನ್ನೊಂದನ್ನು ಸಾಕಮ್ಮ ತನಗೆ ಬರುವ ತಮಿಳಿನಲ್ಲಿ ಕೇಳಿದಳು. "ಡಾಕ್ಟ್ರಯ್ಯಾ, ಮರುಬಡಿ ವಾತ್ಯಾರ್ ವೇಲೆ ಪಾಕ್ಕಲಾಮಾ?" ಮತ್ತೆ ಮೇಷ್ಟ್ರ ಕೆಲಸ ಮಾಡಬಹುದಾ ಎಂದು. ಅವರು ಮುಂದಿನ ಪೇಷಂಟನ್ನು ಕರೆಯುತ್ತ, ಅದನ್ನು ಗಂಟೇ ಹೇಳಬೇಕು ಎಂದರು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಹೇಳಿದಳು. "ಬಾಯ್ ಮುಚ್ಕಂಡಿರ್ಬೇಕಂತೆ. ಈ ಮಾತ ನಾನೇಳಿದ್ರೆ ಕೇಳ್ತಿದ್ರಾ? ಅದ್ಕೇ ಸೇಲಮ್ಗಂಟ ಬರ್ಬೇಕಾಯ್ತು." ಆಮೇಲೆ ತೊಪ್ಪೂರು ಘಾಟಿ ಹತ್ತಿ ಮುಗಿಯುವ ತನಕ ಅವಳೂ ಮಾತಾಡಲಿಲ್ಲ. ಅವಳಿಗೆ ಯಾರೂ ಮಾತು ಬಿಡಲು ಹೇಳಿರಲಿಲ್ಲ.

ಮೌನವ್ರತದ ಬಗ್ಗೆ ಹಿರಿಯರು ಬಹಳ ಒಳ್ಳೆಯದನ್ನು ಹೇಳಿದ್ದಾರೆ. ಅವರು ಯಾರೂ ಓದುಬರಹ ಬಾರದ ಹೆಂಡತಿಗೆ ಸ್ಲೇಟಿನಲ್ಲಿ 'ಸಾರಿಗೆ ಉಪ್ಪಿಲ್ಲ' ಎಂದು ಬರೆದು ತೋರಿಸಿರಲಾರರು. ಸಾಕಮ್ಮ ಸ್ಲೇಟನ್ನು ನೋಡಿ, ನನ್ನನ್ನು ನೋಡಿ, "ಚೆಂದಾಗಿ ಬರ್ದಿದೀರ," ಎಂದು ಒಳಗೆ ಹೋದಳು. ಕೊನೆಗೆ ಚಪ್ಪಾಳೆಗೆ ಇಳಿದೆವು. ಒಂದು ತಟ್ಟಿದರೆ ನೀರು, ಎರಡಕ್ಕೆ ಉಪ್ಪು. ಮೂರನೆಯದಕ್ಕೆ ಇನ್ನೂ ಅರ್ಥ ನಿಗದಿಯಾಗಿರಲಿಲ್ಲ. ಭಯವಾದಾಗ ತಟ್ಟೋಣವೆಂದಿದ್ದೆ, ತಟ್ಟಲಿಲ್ಲ.

ಹೆಡ್‌ಮಾಸ್ಟರು ಡಾಕ್ಟರ ಸರ್ಟಿಫಿಕೇಟನ್ನು ಎರಡು ಸಲ ಓದಿದರು. ಒಳ್ಳೆಯ ಮನುಷ್ಯ, ತಮಿಳರಾದರೂ ನಮ್ಮ ಜೊತೆ ಇದ್ದೂ ಇದ್ದೂ ಅರ್ಧ ಕನ್ನಡ ಆಡುತ್ತಾರೆ. "ಇದ್ರಲ್ಲಿ ವಾಯ್ಸ್ ರೆಸ್ಟ್ ಅಂತ ಪೋಟ್ಟಿರುಕ್ಕು. ಬೆಡ್ ರೆಸ್ಟ್ ಇಲ್ಲೆ. ಅಂದ್ರೆ ಬಾಯಿಗೆ ಮಾತ್ರ ಲೀವು, ಬಾಕಿ ಮೈಗೆಲ್ಲ ಡ್ಯೂಟಿ," ಎಂದರು. ನಾನು ಹೋದರೆ ಬದಲಿ ಬರುವವರಿಲ್ಲ, ಕನ್ನಡದ ಮಕ್ಕಳು ತಟ್ಟಿ ದಾಟಿ ಅವರ ಕಡೆ ಕೂರಬೇಕು. ಆದ್ದರಿಂದ ನನ್ನ ಬಾಯನ್ನು ಮನೆಯಲ್ಲೇ ಬಿಟ್ಟವನಂತೆ ಮಾರನೆಯ ದಿನ ಶಾಲೆಗೆ ಹೋದೆ. ಅವರು ಅಂದಿನಿಂದ ತಮ್ಮ ದನಿಯನ್ನೂ ತಗ್ಗಿಸಿಕೊಂಡರು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಬೋರ್ಡಿನ ಮೇಲೆ ಒಂದು ಸಾಲು ಬರೆದು ಕೋಲು ತೋರಿಸಿದೆ. ಹಿಂದಿನ ತಿಂಗಳು ನೂರು ಸಲ ಕೂಗಿದ್ದ ಪಾಠದ ಸಾಲೇ, ಮಧ್ಯದ್ದು.

ಯಾರೂ ಓದಲಿಲ್ಲ. ಹದಿನೇಳು ಜೊತೆ ಕಣ್ಣು ಬೋರ್ಡನ್ನು ಬಿಟ್ಟು ನನ್ನ ಬಾಯನ್ನು ನೋಡುತ್ತಿದ್ದವು.

ಶಾಲೆಯೆದುರಿನ ಕುರಿದೊಡ್ಡಿಯವರ ಮೊಮ್ಮಗಳು ಮಾದಿ ಎದ್ದು ನಿಂತಳು. "ಸಾ, ನೀವ್ ಏಳ್ದೆ ನಾವೆಂಗ್ ಸಾ ಓದಾದು?"

ಹತ್ತೊಂಬತ್ತು ವರ್ಷ. ಎಷ್ಟು ಮಕ್ಕಳು ನನ್ನ ಕೈಯಿಂದ ಐದನೇ ಕ್ಲಾಸು ದಾಟಿ ಹೋದರು! ಅವರೆಲ್ಲ ಓದುತ್ತಾರೆಂದು ನಾನು ನಂಬಿದ್ದೆ, ಅವರ ಅಪ್ಪ ಅಮ್ಮ ನಂಬಿದ್ದರು, ರಿಜಿಸ್ಟರು ನಂಬಿತ್ತು. ನನ್ನ ಗಂಟಲನ್ನು ಸವೆಸಿ ನಾನು ಮಾಡಿದ್ದು ಮಕ್ಕಳು ಓದದೇ ಇರುವುದಕ್ಕೆ ಸಹಾಯ. ಗಂಟು ಸುಮ್ಮನೆ ಬಂದದ್ದಲ್ಲ ಎಂದು ಆ ಸಂಜೆ ತೋರಿತು. ಇಂಥ ವಿಚಾರಗಳು ಬಾಯಿ ಮುಚ್ಚಿಕೊಂಡಾಗಲೇ ಬರುತ್ತವೆ; ಅದಕ್ಕೇ ನನಗೆ ಮೊದಲು ಬಂದಿರಲಿಲ್ಲ.

ಮಾತಾಡುವವನಿಗೆ ನೋಡಲು ಪುರುಸೊತ್ತಿರುವುದಿಲ್ಲ. ಈಗ ನನಗೆ ಪುರುಸೊತ್ತೋ ಪುರುಸೊತ್ತು. ನಾಲ್ಕು ಗಂಟೆಗೆ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕೂತು, ಮಾದಿಯ ಅಜ್ಜಿ ಕುರಿ ಕೂಡುವುದನ್ನು ನೋಡಿದೆ. ದೊಡ್ಡಿಯ ಸಂದಿಗೆ ಅಡ್ಡ ಕೋಲು ಹಿಡಿದು ನಿಲ್ಲುತ್ತಾಳೆ. ಕೋಲೆತ್ತಿದರೆ ಒಂದು ಕುರಿ ಒಳಗೆ, ಹಾಡಿನಲ್ಲಿ ಒಂದು ತುಂಡು ಹೊರಗೆ. "ಕರಿಕಿವಿ ಬಂತು", "ಬಿಳಿಗಾಲು ಬಂತು", "ಕುಂಟಿ ಬಂತು", "ಕುಂಟಿಯ ಮರಿ ಬಂತು"... ನಮ್ಮ ಕುರಿಯವರು ಕುರಿಗಳನ್ನು ಒಂದು ಎರಡು ಎಂದು ಎಣಿಸುವುದಿಲ್ಲ. ಎಣಿಸಿದರೆ ಕಣ್ಣು ತಗಲುತ್ತದೆ. ಹಾಡು ಮುಗಿಯುವ ಮೊದಲೇ ಕುರಿ ಮುಗಿದರೆ ಒಂದು ಕಾಡಿನಲ್ಲಿ ಉಳಿದಿದೆ ಎಂದು ಅರ್ಥ. ದಿನಾ ಕೇಳಿ ಆ ಹಾಡು ನನ್ನ ಹದಿನೇಳು ಮಕ್ಕಳಿಗೂ ಬಾಯಿಗೆ ಬರುತ್ತಿತ್ತು.

ಮಾರನೆಯ ಬೆಳಿಗ್ಗೆ ಹಾಡನ್ನು ಪೂರಾ ಬೋರ್ಡಿನ ಮೇಲೆ ಬರೆದೆ. ಮೊದಲ ಪದದ ಕೆಳಗೆ ಕೋಲು ಅಡ್ಡ ಹಿಡಿದೆ. ಎತ್ತಿದೆ.

ಅಜ್ಜಿಯ ಕೋಲಿನ ಗುರುತು ಸಿಕ್ಕ ಕೂಡಲೇ ಇಡೀ ಹಾಡು ಒಂದೇ ಉಸಿರಿಗೆ ನುಗ್ಗಿತು. ತಟ್ಟಿಯಾಚೆ ತಮಿಳು ನಿಂತುಹೋಯಿತು. ಮಾದಿಗೆ ಸಿಟ್ಟು ಬಂತು. ಎದ್ದು ಬಂದು ನನ್ನ ಕೈಯ ಕೋಲು ಕಿತ್ತುಕೊಂಡಳು. "ಏಯ್, ಎಲ್ಲಾ ಒಟ್ಗೇ ನುಗ್ಬ್ಯಾಡ್ರಲಾ! ಕೋಲೆತ್ತಿದ್ರೆ ಒಂದೇ ಓಗ್ಬೇಕು. ಯಾವ್ದು ಓಗ್ತಾ ಐತೆ ಅಂತ ನೋಡ್ರಲಾ."

ಯಾವುದು ಹೋಗುತ್ತಿದೆ ಅಂತ ನೋಡುವುದು. ಟ್ರೈನಿಂಗ್ ಸ್ಕೂಲಿನಲ್ಲಿ ನನಗೆ ಇದನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಆದರೆ ನಾನು ಮೇಷ್ಟ್ರು. ಶಿಸ್ತಿಗಾಗಿ ಸಾಲುಗಳ ಪಕ್ಕ 1, 2, 3 ಎಂದು ಹಾಕಿದ್ದೆ. ಸುದ್ದಿ ಮಧ್ಯಾಹ್ನದೊಳಗೆ ದೊಡ್ಡಿ ತಲುಪಿತು. ಅಜ್ಜಿ ಕೋಲಿನ ಸಮೇತ ಬಂದು ಬಾಗಿಲಲ್ಲಿ ನಿಂತಳು.

"ವಾತ್ಯಾರಪ್ಪಾ, ನಮ್ ಕುರಿಗೆ ನಂಬ್ರ ಆಕ್ಬುಟ್ಯಂತೆ? ನಿನ್ ಗಂಟ್ಲು ಕಟ್ಟಿದ್ದು ಸಾಲ್ದಾ, ನಮ್ ಮರಿಗ್ಳಿಗೂ ಕಟ್ಬೇಕಾ?"

ಉತ್ತರ ಕೊಡಲಾಗದವನ ಮರ್ಯಾದೆ ದೊಡ್ಡದು. ಕೈಮುಗಿದೆ. ಹೆಗಲ ಟವಲಿನಿಂದಲೇ ನಂಬರುಗಳನ್ನು ಒರೆಸಿದೆ. ಅವಳ ಸಿಟ್ಟು ಇಳಿಯಿತು, ಅನುಮಾನ ಇಳಿಯಲಿಲ್ಲ. "ಅಮ್ಮೀ, ನಮ್ ಕುಂಟಿ ಎಲ್ಲೈತೆ ತೋರ್ಸು," ಎಂದು ಮೊಮ್ಮಗಳನ್ನು ಕೇಳಿದಳು. ಮಾದಿ ಮೂರನೆಯ ಸಾಲಿಗೆ ಬೆರಳಿಟ್ಟಳು. ಅಜ್ಜಿ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು.

"ಕುಂಟ್ತಾ ಇಲ್ವಲ್ಲ," ಎಂದಳು. ಆದರೂ ಹೋಗುವಾಗ ಖುಷಿಯಾಗಿದ್ದಳು.

ಆಮೇಲಿನ ದಿನಗಳಲ್ಲಿ ಹಾಡನ್ನು ಕಲಕಿದೆ. ಕುಂಟಿಯನ್ನು ಮೊದಲು, ಕರಿಕಿವಿಯನ್ನು ಕೊನೆಗೆ ಬರೆದೆ. ಮೊದಲು ಎಡವಿದರು, ನಕ್ಕರು, ನೋಡಿ ಹಾಡಿದರು. ಆಮೇಲೆ ಪಠ್ಯಪುಸ್ತಕದ ಪಾಠಗಳನ್ನೇ ತಂದು ಅದೇ ಧಾಟಿಗೆ, ಅದೇ ಕೋಲಿನ ಕೆಳಗೆ ಒಂದೊಂದು ಪದವಾಗಿ ಬಿಟ್ಟೆ. ಬಾವಿ, ಬೇಲಿ, ಪ್ರಾಮಾಣಿಕ ಬಾಲಕ, ಎಲ್ಲರೂ ತಲೆ ತಗ್ಗಿಸಿ ದೊಡ್ಡಿಗೆ ಹೋದರು. ನಾನು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದೆ. ದಿನದಲ್ಲಿ ಗಂಟನ್ನು ಮರೆಯುತ್ತಿದ್ದದ್ದು ಆ ಒಂದು ಗಂಟೆ. ಮಿಕ್ಕ ಹೊತ್ತು ಪ್ರತಿ ಗುಟುಕು ನೀರಿನಲ್ಲೂ ಅದನ್ನು ಹುಡುಕುತ್ತಿದ್ದೆ. ಇದೆಯೋ? ಸಣ್ಣದಾಯಿತೋ? ದನಿ ಇದೆಯೇ ಎಂದು ತಿಳಿಯಲು ದನಿ ತೆಗೆಯಬೇಕು; ತೆಗೆದರೆ ಇರುವುದೂ ಹೋದೀತು.

ಮೌನದ ಮೂವತ್ತೊಂದನೆಯ ದಿನ ಹೊಸ ಪಾಠವನ್ನು ಬೋರ್ಡಿಗೆ ಇಳಿಸಿದೆ. ಯಾರೂ ಕೇಳಿರದ ಪಾಠ. ಕೋಲು ಮಾದಿಯ ಕೈಯಲ್ಲಿ. ನಾಲ್ಕನೆಯ ಸಾಲಿನಲ್ಲಿ ಅವಳು ಕೋಲನ್ನು ಎತ್ತಲೇ ಇಲ್ಲ. ಬೋರ್ಡು ನೋಡಿದಳು. ಬೆಂಚಿನ ಮೇಲೆ ತೆರೆದಿಟ್ಟಿದ್ದ ತನ್ನ ಪುಸ್ತಕಕ್ಕೆ ಬಾಗಿ ತುಟಿ ಆಡಿಸಿದಳು. ಮತ್ತೆ ಬೋರ್ಡು ನೋಡಿದಳು.

"ಸಾ, ಒಂದ್ ಮರಿ ಕಮ್ಮಿ ಐತೆ. ಪುಸ್ತ್ಕದಾಗೈತೆ, ಬೋಲ್ಡ್ನಾಗಿಲ್ಲ."

ಪುಸ್ತಕ ನೋಡಿದೆ. ನಾನು ಒಂದು ಪದ ಬಿಟ್ಟು ಬರೆದಿದ್ದೆ.

"ಭೇಷ್!"

ಅಂದದ್ದು ನಾನು.

ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ತಟ್ಟಿಯ ಮೇಲೆ ಹೆಡ್‌ಮಾಸ್ಟರ ತಲೆ ಮೂಡಿತು. "ಅಯ್ಯೋ, ಸಾ ಮಾತಾಡ್ಬುಟ್ರು!" ಎಂದು ಮಾದಿ ಅಳತೊಡಗಿದಳು. ನಾನು ಸಾಯುತ್ತೇನೆಂದೇ ಆ ಮಗು ತಿಳಿದಿತ್ತು. ನನಗೂ ಅಷ್ಟೇನೂ ಬೇರೆ ಅನ್ನಿಸಿರಲಿಲ್ಲ.

ನಾನು ಮನೆ ಸೇರುವ ಮೊದಲೇ ಆ ಪದ ಮನೆ ಸೇರಿತ್ತು. "ಮೂವತ್ ದಿನ ತಡ್ಕಂಡ್ರಿ. ನನ್ ಸಾರಿಗ್ ಒಂದ್ ದಿನಾನೂ ಭೇಷ್ ಅಂದವ್ರಲ್ಲ," ಎಂದಳು ಸಾಕಮ್ಮ. ಆ ಹೊತ್ತಿನ ಅಡುಗೆಗೆ ಅವಳೇ ಉಪ್ಪು ಮರೆತಿದ್ದಳು. ನಾನು ಚಪ್ಪಾಳೆ ತಟ್ಟಲಿಲ್ಲ. ಹನ್ನೊಂದು ದಿನ ಹಾಗೇ ಕಳೆದೆವು.

ಮತ್ತೆ ಸೇಲಂ. ಮತ್ತೆ ನಾಲಿಗೆ, ಬಟ್ಟೆ, ಬೆಚ್ಚಗಿನ ಕನ್ನಡಿ. "ಈ ಸೊಲ್ಲುಂಗ."

"ಈ," ಎಂದೆ. ಸಣ್ಣದು, ಹೊಸದಾಗಿ ಹುಟ್ಟಿದ್ದರ ಹಾಗೆ. ಆದರೆ 'ಈ'ಯೇ.

ಡಾಕ್ಟರು ನೋಡುತ್ತಲೇ ಇದ್ದರು. ಸಾಕಮ್ಮನಿಗೆ ತಡೆಯಲಾಗಲಿಲ್ಲ, ಒಂದು ಮಾತು ಆಡಿಬಿಟ್ಟಿದ್ದಾರೆ, ಒಂದೇ ಒಂದು, ಎಂದು ತಪ್ಪೊಪ್ಪಿಕೊಂಡಳು. ಯಾವ ಮಾತು ಎಂದು ಅವರು ಕೇಳಿದರು. ಅವಳು ಹೇಳಿದಳು. ಅವರು ಕನ್ನಡಿ ತೆಗೆದು, "ಪರವಾಯಿಲ್ಲೆ, ಅದು ಸಿನ್ನ ವಾರ್ತೈ," ಎಂದರು. ಚಿಕ್ಕ ಮಾತಂತೆ. ಆಮೇಲೆ ಹೇಳಿದರು: ಗಂಟು ಕರಗಿದೆ, ಅಂಚು ಮಾತ್ರ ಉಳಿದಿದೆ, ಆಪರೇಷನ್ ಬೇಡ. ಇನ್ನು ಕೂಗುವಂತಿಲ್ಲ. ಸದ್ಯಕ್ಕೆ ದಿನಕ್ಕೆ ಒಂದು ಗಂಟೆ ಮೆಲ್ಲಗೆ ಮಾತಾಡಬಹುದು.

ಸಾಕಮ್ಮ ಬೆಂಚಿನ ಮೇಲೆ ಕೂತುಬಿಟ್ಟಳು. ನನ್ನ ಕಡೆ ತಿರುಗಿ, "ಆ ಒಂದ್ ಗಂಟೆ ಇಸ್ಕೂಲ್ಗಾ, ಮನೇಗಾ?" ಎಂದಳು. ಬಸ್ಸಿನಲ್ಲಿ ಅರ್ಧ ಗಂಟೆ ಅವಳಿಗೇ ಖರ್ಚು ಮಾಡಿದೆ.

ಇದಾಗಿ ನಾಲ್ಕು ತಿಂಗಳಾಯಿತು. ಹಿಂದಿನ ವಾರ ಮತ್ತೆ ತೋರಿಸಿ ಬಂದೆ. ಗಂಟಲಿನಲ್ಲಿ ಈಗ ಏನೂ ಇಲ್ಲ. ಕೋಲು ಮಾದಿಯ ಹತ್ತಿರವೇ ಇದೆ. ಮೂರನೇ ಕ್ಲಾಸಿನ ಹದಿನೇಳು ಮಕ್ಕಳಲ್ಲಿ ಹದಿನಾಲ್ಕು ಮಂದಿ ಪುಸ್ತಕ ನೋಡಿ ಓದುತ್ತಾರೆ.